ಕಡಿಮೆ ಬಜೆಟ್‌ನಲ್ಲಿ ಟೇಬಲ್ ಸಾ: ಮೋಟಾರ್ ನೋಡೋಕೆ ಮೊದಲು ನೋಡಬೇಕಾದ ಮೂರು ವಿಷಯ

ಪ್ಲೈವುಡ್ ಶೆಲ್ಫ್ ಮಾಡೋ ವಿಡಿಯೋ ಆದ್ಮೇಲೆ ಪುಣೆ, ಹೈದರಾಬಾದ್, ಚೆನ್ನೈ ಎಲ್ಲಾ ಕಡೆಯಿಂದ ಒಂದೇ ಪ್ರಶ್ನೆ ಬರ್ತಾ ಇದೆ: "ನಾನೂ ಮನೇಲಿ ಮರಗೆಲಸ ಶುರು ಮಾಡ್ಬೇಕು, ಬಜೆಟ್ ಕಡಿಮೆ, ಯಾವ ಟೇಬಲ್ ಸಾ ತಗೊಳ್ಳಲಿ?" ಈ ವಾರದ ಮಾತು ಅದರ ಬಗ್ಗೆಯೇ. ವಿಡಿಯೋದಲ್ಲಿ ಹೇಳಿದ್ದನ್ನ ಇಲ್ಲಿ ಸ್ವಲ್ಪ ಜೋಡಿಸಿ, ಬಿಟ್ಟುಹೋಗಿದ್ದ ಲೆಕ್ಕಗಳನ್ನ ಸೇರಿಸಿ ಬರೆದಿದ್ದೀನಿ.

ಉತ್ತರ ಮೊದಲೇ ಹೇಳಿಬಿಡ್ತೀನಿ. ದುಡ್ಡು ಕಡಿಮೆ ಇದ್ದಾಗ ನಾವು ಎಲ್ಲರೂ ಮೊದಲು ನೋಡೋದು ಮೋಟಾರ್ ಎಷ್ಟು ವಾಟ್, ಬ್ಲೇಡ್ ಎಷ್ಟು ಇಂಚು ಅಂತ. ಹವ್ಯಾಸಕ್ಕೆ ಮರ ಕೊಯ್ಯೋರಿಗೆ ಅವೆರಡೂ ಆಮೇಲಿನ ಮಾತು. ಮೊದಲು ನೋಡಬೇಕಾಗಿರೋದು ಮೂರು: ಬ್ಲೇಡಿನ ಹಿಂದೆ ನಿಲ್ಲೋ ರೈವಿಂಗ್ ನೈಫ್, ನೇರವಾಗಿ ಬಿಗಿಯಾಗಿ ಕೂರೋ ಫೆನ್ಸ್, ಕರೆಂಟ್ ಹೋಗಿ ಬಂದ್ರೆ ತಾನಾಗೇ ಆನ್ ಆಗದ ಸ್ವಿಚ್. ಈ ಮೂರೂ ಸರಿಯಾಗಿರೋ ಯಂತ್ರ ನಿಮ್ಮ ಬಜೆಟ್ಟಲ್ಲಿ ಸಿಗದೇ ಇದ್ರೆ ಈಗಲೇ ಟೇಬಲ್ ಸಾ ತಗೋಬೇಡಿ. ಅದಿಲ್ಲದೇನೂ ಮುಕ್ಕಾಲು ಪಾಲು ಕೆಲಸ ಆಗುತ್ತೆ. ಯಾಕೆ, ಹೇಗೆ ಅನ್ನೋದು ಮುಂದೆ.

ಮೊದಲ ಪ್ರಶ್ನೆ: ನಿಮಗೆ ಟೇಬಲ್ ಸಾ ಬೇಕಾ?

ಟೇಬಲ್ ಸಾ ಅಂದ್ರೆ ಮೇಜಿನ ಕೆಳಗೆ ಮೋಟಾರ್, ಮೇಜಿನ ಸೀಳಿನಿಂದ ಮೇಲೆ ಇಣುಕೋ ದುಂಡು ಬ್ಲೇಡ್. ಸರ್ಕ್ಯುಲರ್ ಸಾದಲ್ಲಿ ಮರ ನಿಂತಿರುತ್ತೆ, ಯಂತ್ರ ಓಡಾಡುತ್ತೆ. ಇಲ್ಲಿ ಉಲ್ಟಾ. ಯಂತ್ರ ನಿಂತಿರುತ್ತೆ, ಮರವನ್ನ ನಾವು ತಳ್ತೀವಿ. ಹಾಗಾಗಿ ಇದು ಒಂದು ಕೆಲಸದಲ್ಲಿ ರಾಜ: ಒಂದೇ ಅಗಲದ ಪಟ್ಟಿಗಳನ್ನ ಮತ್ತೆ ಮತ್ತೆ ಸೀಳೋದು. ಫೆನ್ಸನ್ನ 40 ಮಿ.ಮೀ.ಗೆ ಇಟ್ಟು ಲಾಕ್ ಮಾಡಿದ್ರೆ ಇಪ್ಪತ್ತು ಪಟ್ಟಿ ಕೊಯ್ದರೂ ಎಲ್ಲವೂ 40 ಮಿ.ಮೀ. ಇರುತ್ತೆ. ಕೋಡ್ ಭಾಷೇಲಿ ಹೇಳೋದಾದ್ರೆ ಒಂದು ಸಲ ಬರೆದ ಫಂಕ್ಷನ್ನನ್ನ ಇಪ್ಪತ್ತು ಸಲ ಕರೆದ ಹಾಗೆ. ಫೋಟೋ ಫ್ರೇಮು, ಡ್ರಾಯರು, ಬಾಗಿಲ ಚೌಕಟ್ಟು, ಮಕ್ಕಳ ಬ್ಲಾಕು ಮಾಡೋರಿಗೆ ಇದು ಬೇಕೇ ಬೇಕು ಅನ್ನಿಸುತ್ತೆ.

ಆದ್ರೆ ಹೊಸಬರ ಮೊದಲ ವರ್ಷದ ಕೆಲಸ ಏನಿರುತ್ತೆ? ಪ್ಲೈವುಡ್ಡಲ್ಲಿ ಶೆಲ್ಫು, ಶೂ ರ‍್ಯಾಕು, ಸ್ಟಡಿ ಟೇಬಲ್ಲು. ಅಂಗಡೀಲಿ ಸಿಗೋ ಪೂರ್ತಿ ಶೀಟ್ 8 ಅಡಿ ಉದ್ದ, 4 ಅಡಿ ಅಗಲ. 18 ಮಿ.ಮೀ. ದಪ್ಪದ ಒಂದು ಶೀಟು 30 ಕೆ.ಜಿ.ಗೂ ಮೇಲೆ ತೂಗುತ್ತೆ. ನಾವು ಕೊಳ್ಳೋ ಚಿಕ್ಕ ಟೇಬಲ್ ಸಾನೇ ಇಪ್ಪತ್ತು ಮೂವತ್ತು ಕೆ.ಜಿ. ಇರುತ್ತೆ, ಅದರ ಮೇಜು ಎರಡು ಅಡಿ ಆಸುಪಾಸು. ಅಷ್ಟು ದೊಡ್ಡ ಶೀಟನ್ನ ಅಷ್ಟು ಚಿಕ್ಕ ಮೇಜಿನ ಮೇಲೆ ಒಬ್ಬರೇ ನೇರವಾಗಿ ತಳ್ಳೋದು ಆಗದ ಮಾತು. ತಳ್ಳೋವಾಗ ಶೀಟ್ ಸ್ವಲ್ಪ ತಿರುಗಿದ್ರೆ ಏನಾಗುತ್ತೆ ಅಂತ ಮುಂದೆ ಹೇಳ್ತೀನಿ.

ಶೀಟ್ ತುಂಡು ಮಾಡೋಕೆ ಎರಡು ಸುಲಭದ ದಾರಿ ಇದೆ. ಒಂದು, ಪ್ಲೈವುಡ್ ಅಂಗಡಿಯಲ್ಲೇ ಕತ್ತರಿಸಿಕೊಳ್ಳೋದು. ದೊಡ್ಡ ಊರುಗಳಲ್ಲಿ ಪ್ಯಾನೆಲ್ ಸಾ ಇಟ್ಟಿರೋ ಅಂಗಡಿಗಳಿವೆ. ಅಳತೆಯ ಪಟ್ಟಿ ಕೊಟ್ರೆ, ಒಂದೊಂದು ಕಟ್‌ಗೆ ಇಷ್ಟು ಅಂತ ತಗೊಂಡು ಕೊಯ್ದು ಕೊಡ್ತಾರೆ. ಎರಡು, 7 ಇಂಚಿನ ಸರ್ಕ್ಯುಲರ್ ಸಾ, ಒಂದು ನೇರ ಅಲ್ಯೂಮಿನಿಯಂ ಪಟ್ಟಿ, ಎರಡು ಕ್ಲ್ಯಾಂಪು. ಒಳ್ಳೇ ಸರ್ಕ್ಯುಲರ್ ಸಾ ಹತ್ತು ಸಾವಿರದ ಒಳಗೆ ಬರುತ್ತೆ. ನೆಲದ ಮೇಲೆ ಥರ್ಮೋಕೋಲ್ ಹಾಳೆ ಹಾಸಿ, ಅದರ ಮೇಲೆ ಶೀಟ್ ಮಲಗಿಸಿ, ಪಟ್ಟಿಯನ್ನ ಕ್ಲ್ಯಾಂಪ್ ಮಾಡಿ ಅದರ ಪಕ್ಕದಲ್ಲಿ ಯಂತ್ರ ಓಡಿಸಿದ್ರೆ ಕಟ್ ನೇರವಾಗಿ ಬರುತ್ತೆ.

ಹಾಗಾಗಿ ನನ್ನ ಸಲಹೆ: ಮೊದಲ ಐದಾರು ಕೆಲಸ ಇದರಲ್ಲೇ ಮಾಡಿ. "ಇದೇ ಅಗಲದ ಪಟ್ಟಿ ಎಷ್ಟು ಸಲ ಕೊಯ್ಯೋದಪ್ಪಾ" ಅಂತ ಬೇಜಾರಾಗೋ ದಿನ ಬಂದ್ರೆ ಆವತ್ತು ಟೇಬಲ್ ಸಾ ನೋಡೋಕೆ ಹೊರಡಿ.

ಅಪಾಯ ಎಲ್ಲಿಂದ ಬರುತ್ತೆ?

ಒಂದು ಲೆಕ್ಕ ಮಾಡೋಣ. 10 ಇಂಚಿನ, ಅಂದ್ರೆ 254 ಮಿ.ಮೀ. ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗ್ತಾ ಇದೆ ಅಂದ್ಕೊಳ್ಳಿ. ಅಂಚಿನ ವೇಗ ಸೆಕೆಂಡಿಗೆ ಸುಮಾರು 53 ಮೀಟರ್, ಅಂದ್ರೆ ಗಂಟೆಗೆ 190 ಕಿ.ಮೀ. ಅತಿ ವೇಗದ ಬೌಲರ್ ಎಸೆಯೋ ಚೆಂಡಿಗಿಂತ ಜೋರು. ಆ ಬ್ಲೇಡಲ್ಲಿ 40 ಹಲ್ಲು ಇದ್ರೆ ಒಂದು ಸೆಕೆಂಡಿಗೆ 2,600ಕ್ಕೂ ಹೆಚ್ಚು ಹಲ್ಲು ಒಂದು ಜಾಗವನ್ನ ದಾಟಿ ಹೋಗ್ತಾವೆ. ಏನೋ ಆಯ್ತು ಅಂತ ನಮಗೆ ಗೊತ್ತಾಗಿ ಕೈ ಹಿಂದೆ ತಗೊಳ್ಳೋಕೆ ಒಂದು ಸೆಕೆಂಡಿನ ಐದನೇ ಒಂದು ಭಾಗ ಬೇಕು ಅಂದ್ರೂ ಅಷ್ಟರಲ್ಲಿ 500 ಹಲ್ಲು ದಾಟಿರುತ್ತೆ. "ನಾನು ಹುಷಾರಾಗಿರ್ತೀನಿ" ಅನ್ನೋ ಮಾತಿಗೆ ಇಲ್ಲಿ ಅಷ್ಟೇ ಬೆಲೆ.

ಹೊಸಬರು ಬ್ಲೇಡಿಗೆ ಬೆರಳು ತಾಗೋದನ್ನ ಮಾತ್ರ ಯೋಚಿಸ್ತಾರೆ. ಅದಕ್ಕೆ ದಾರಿ ಮಾಡಿಕೊಡೋ ಇನ್ನೊಂದು ಅಪಾಯ ಇದೆ, ಅದರ ಹೆಸರು ಕಿಕ್‌ಬ್ಯಾಕ್. ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನ ಮೇಜಿನ ಕಡೆಗೆ ಒತ್ತುತ್ತವೆ, ಅದು ಒಳ್ಳೇದೇ. ಆದ್ರೆ ಹಿಂಭಾಗದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಬರ್ತಾವೆ, ಮೇಲೆ ಬಂದು ನಿಮ್ಮ ಕಡೆಗೇ ತಿರುಗ್ತಾವೆ. ಕೊಯ್ತಾ ಇರೋ ಮರ ಸ್ವಲ್ಪ ತಿರುಗಿ, ಅಥವಾ ಸೀಳು ಮುಚ್ಚಿಕೊಂಡು ಬ್ಲೇಡಿನ ಬೆನ್ನಿಗೆ ತಾಗಿದ್ರೆ ಆ ಹಲ್ಲುಗಳು ಮರವನ್ನ ಎತ್ತಿ ನಿಮ್ಮ ಹೊಟ್ಟೆಗೋ ಎದೆಗೋ ಎಸೀತಾವೆ. ಮರ ಹಾರಿದ ಆ ಕ್ಷಣದಲ್ಲಿ ಅದನ್ನ ತಳ್ತಾ ಇದ್ದ ಕೈಗೆ ಆಸರೆ ತಪ್ಪುತ್ತೆ, ಕೈ ಬ್ಲೇಡಿನ ಕಡೆಗೇ ಹೋಗುತ್ತೆ.

ಮೊದಲನೇದು: ರೈವಿಂಗ್ ನೈಫ್

ಈ ಕಿಕ್‌ಬ್ಯಾಕ್ ತಡೆಯೋಕೆ ಇರೋ ಸರಳವಾದ ಭಾಗವೇ ರೈವಿಂಗ್ ನೈಫ್. ಬ್ಲೇಡಿನ ಬೆನ್ನಿಗೆ ಹತ್ತಿಕೊಂಡ ಹಾಗೆ ನಿಲ್ಲೋ ಒಂದು ಉಕ್ಕಿನ ತಗಡು. ಕೊಯ್ದ ಸೀಳು ಮತ್ತೆ ಮುಚ್ಚಿಕೊಳ್ಳದ ಹಾಗೆ, ಮರ ಹಿಂದಿನ ಹಲ್ಲಿಗೆ ತಾಗದ ಹಾಗೆ ಅಡ್ಡ ನಿಲ್ಲುತ್ತೆ. ಬ್ಲೇಡನ್ನ ಮೇಲೆ ಕೆಳಗೆ ಮಾಡಿದಾಗ ಇದೂ ಜೊತೇಲೇ ಏರಿಳೀಬೇಕು. ಮೇಜಿಗೆ ಅಲುಗಾಡದ ಹಾಗೆ ಹಾಕಿರೋ ಸ್ಪ್ಲಿಟರ್ ಆದ್ರೆ ಬ್ಲೇಡ್ ತಗ್ಗಿಸಿದಾಗ ದೂರ ಉಳಿದುಬಿಡುತ್ತೆ.

ಅಗ್ಗದ ಯಂತ್ರಗಳಲ್ಲಿ ಮೊದಲು ಮಾಯ ಆಗೋದು ಇದೇ. ಫೋಟೋದಲ್ಲಿ ಬ್ಲೇಡಿನ ಹಿಂದೆ ಏನೂ ಕಾಣದಿದ್ರೆ ಅಲ್ಲಿಗೆ ಬಿಟ್ಟುಬಿಡಿ. ಇನ್ನೊಂದು ವಿಷಯ, ನೈಫಿನ ದಪ್ಪ. ಅದು ಬ್ಲೇಡಿನ ತಟ್ಟೆಗಿಂತ ದಪ್ಪ ಇರಬೇಕು, ಹಲ್ಲು ಕೊಯ್ಯೋ ಅಗಲಕ್ಕಿಂತ ತೆಳು ಇರಬೇಕು. ಎರಡೂ ಅಂಕಿ ನೈಫ್ ಮೇಲೆ, ಬ್ಲೇಡ್ ಮೇಲೆ ಅಚ್ಚಾಗಿರುತ್ತೆ. ಮುಂದೆ ತೆಳು ಬ್ಲೇಡ್ ಕೊಂಡ್ರೆ ನೈಫು ಸೀಳಲ್ಲಿ ಹೋಗದೇ ಮರ ಸಿಕ್ಕಿಹಾಕಿಕೊಳ್ಳುತ್ತೆ. ಆಗ "ಇದೇ ತೊಂದರೆ" ಅಂತ ನೈಫನ್ನೇ ಬಿಚ್ಚಿ ಹಾಕೋರು ಇದ್ದಾರೆ. ಬದಲಾಯಿಸಬೇಕಾಗಿರೋದು ಬ್ಲೇಡು.

ಚರ್ಮ ತಾಗಿದ ತಕ್ಷಣ ನಿಲ್ಲೋ ಗರಗಸದ ವಿಡಿಯೋ ನೀವು ನೋಡಿರಬಹುದು, ಹಾಟ್ ಡಾಗ್ ಇಟ್ಟು ತೋರಿಸ್ತಾರಲ್ಲ ಅದು. ಅಮೆರಿಕದ ಸ್ಟೀವ್ ಗ್ಯಾಸ್ ಅನ್ನೋರು 1999ರಲ್ಲಿ ಮಾಡಿದ ಆವಿಷ್ಕಾರ, ಹೆಸರು ಸಾಸ್ಟಾಪ್. ಬ್ಲೇಡಿಗೆ ಚಿಕ್ಕ ವಿದ್ಯುತ್ ಸಂಕೇತ ಕೊಟ್ಟಿರ್ತಾರೆ. ದೇಹ ತಾಗಿದ್ರೆ ಆ ಸಂಕೇತ ಬದಲಾಗುತ್ತೆ, 5 ಮಿಲಿ ಸೆಕೆಂಡಿನ ಒಳಗೆ ಒಂದು ಅಲ್ಯೂಮಿನಿಯಂ ಬ್ರೇಕು ಬ್ಲೇಡನ್ನ ಕಚ್ಚಿ ಹಿಡಿಯುತ್ತೆ. ಅದ್ಭುತವಾದ ಇಂಜಿನಿಯರಿಂಗ್, ಆದ್ರೆ ನಾವು ಮಾತಾಡ್ತಿರೋ ಬಜೆಟ್ಟಿಗೆ ಅದು ಬರೋದಿಲ್ಲ. ನಮ್ಮ ಪಾಲಿಗೆ ಇರೋದು ಈ ತಗಡು, ಮೇಲಿನ ಗಾರ್ಡು, ಒಂದು ಪುಷ್ ಸ್ಟಿಕ್ಕು. ಅದಕ್ಕೇ ಅವುಗಳ ವಿಷಯದಲ್ಲಿ ರಾಜಿ ಬೇಡ ಅನ್ನೋದು.

ಎರಡನೇದು: ಫೆನ್ಸ್

ಫೆನ್ಸ್ ಅಂದ್ರೆ ಮರದ ಅಂಚನ್ನ ಒರಗಿಸಿ ತಳ್ಳೋ ಉದ್ದದ ಆಸರೆ. ಇದು ಬ್ಲೇಡಿಗೆ ಸಮಾಂತರವಾಗಿ ಇರಬೇಕು. ಹಿಂದಿನ ತುದಿ ಬ್ಲೇಡಿನ ಕಡೆಗೆ ವಾಲಿದ್ರೆ ಮರ ಎರಡರ ನಡುವೆ ಸಿಕ್ಕಿಕೊಂಡು ಬಿಗಿಯುತ್ತೆ. ಅದೇ ಮತ್ತೆ ಕಿಕ್‌ಬ್ಯಾಕ್. ಕೆಟ್ಟ ಫೆನ್ಸು ಅಳತೆ ಕೆಡಿಸೋದರ ಜೊತೆಗೆ ಜೀವಕ್ಕೂ ಕುತ್ತು.

ಅಗ್ಗದ ಯಂತ್ರದಲ್ಲಿ ಫೆನ್ಸು ಮುಂದಿನ ತುದಿಯಲ್ಲಿ ಮಾತ್ರ ಲಾಕ್ ಆಗುತ್ತೆ, ಹಿಂದಿನ ತುದಿ ಅಲ್ಲಾಡ್ತಾ ಇರುತ್ತೆ. ಪ್ರತಿ ಸಲ ಸರಿಸಿದಾಗಲೂ ಟೇಪ್ ಹಿಡಿದು ಹಿಂದೆ ಮುಂದೆ ಅಳೀಬೇಕು. ಹಲ್ಲುಪಟ್ಟಿ ಮತ್ತು ಗಿಯರ್ ಮೇಲೆ ಸರಿಯೋ ಫೆನ್ಸ್ ಇದ್ರೆ, ಅಂದ್ರೆ ರ‍್ಯಾಕ್ ಅಂಡ್ ಪಿನಿಯನ್, ಎರಡೂ ತುದಿ ಒಟ್ಟಿಗೆ ಸರಿಯುತ್ತೆ. 2,000 ವಾಟಿನ ಮೋಟಾರಿಗೆ ಡಗಡಗ ಫೆನ್ಸು ಇರೋ ಯಂತ್ರಕ್ಕಿಂತ 1,500 ವಾಟಿನ, ಗಟ್ಟಿ ಫೆನ್ಸಿನ ಯಂತ್ರವೇ ಮೇಲು.

ಮೂರನೇದು: ಸ್ವಿಚ್

ಇದು ನಮ್ಮ ದೇಶಕ್ಕೆ ಹೆಚ್ಚು ಅನ್ವಯಿಸೋ ವಿಷಯ. ಕೊಯ್ತಾ ಇರೋವಾಗ ಕರೆಂಟ್ ಹೋಯ್ತು. ಬ್ಲೇಡ್ ನಿಂತ್ಕೊಂಡ್ತು. ಸಿಕ್ಕಿರೋ ಮರ ಬಿಡಿಸೋಣ ಅಂತ ಕೈ ಹಾಕಿದ್ರಿ. ಅಷ್ಟರಲ್ಲಿ ಸೊಸೈಟಿಯ ಜನರೇಟರ್ ಆನ್ ಆಯ್ತು. ಸಾಮಾನ್ಯ ಸ್ವಿಚ್ ಇದ್ರೆ ಬ್ಲೇಡು ಆ ಕ್ಷಣವೇ ತಿರುಗೋಕೆ ಶುರು ಮಾಡುತ್ತೆ.

ನೋ-ವೋಲ್ಟ್ ರಿಲೀಸ್ ಅನ್ನೋ ಸ್ವಿಚ್ ಇದ್ರೆ ಕರೆಂಟ್ ಹೋದಾಗ ತಾನೇ ಆಫ್ ಆಗಿಬಿಡುತ್ತೆ. ಮತ್ತೆ ಹಸಿರು ಬಟನ್ ಒತ್ತೋ ತನಕ ಯಂತ್ರ ಓಡೋದಿಲ್ಲ. ಅಂಗಡೀಲೇ ಪರೀಕ್ಷೆ ಮಾಡಬಹುದು. ಯಂತ್ರ ಓಡ್ತಿರೋವಾಗ ಗೋಡೆಯ ಸ್ವಿಚ್ ಆಫ್ ಮಾಡಿ, ಬ್ಲೇಡ್ ನಿಂತ ಮೇಲೆ ಮತ್ತೆ ಆನ್ ಮಾಡಿ. ಯಂತ್ರ ಸುಮ್ಮನಿದ್ರೆ ಪಾಸ್. ಜೊತೆಗೆ ಮೊಣಕಾಲಿಂದಲೂ ಒತ್ತೋಕಾಗೋ ದೊಡ್ಡ ಕೆಂಪು ಸ್ಟಾಪ್ ಪ್ಯಾಡಲ್ ಇದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ನಿಲ್ಲಿಸಬೇಕಾದಾಗ ಎರಡೂ ಕೈ ಮರದ ಮೇಲಿರುತ್ತೆ.

ಮಾರ್ಬಲ್ ಕಟರ್ ಉಲ್ಟಾ ಹಾಕೋ ಜುಗಾಡ್

ಯೂಟ್ಯೂಬಲ್ಲಿ ಇದನ್ನ ನೋಡದೇ ಇರೋರೇ ಇಲ್ಲ. 4 ಇಂಚಿನ ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ, ಪ್ಲೈವುಡ್ ಕೆಳಗೆ ತಲೆಕೆಳಗಾಗಿ ಸ್ಕ್ರೂ ಮಾಡಿ "ಮೂರು ಸಾವಿರದಲ್ಲಿ ಟೇಬಲ್ ಸಾ" ಅಂತ ತೋರಿಸ್ತಾರೆ. ಇಂಟೀರಿಯರ್ ಕೆಲಸ ನಡೆಯೋ ಫ್ಲಾಟಲ್ಲೂ ಇದನ್ನ ನೋಡಿರ್ತೀರಿ.

ಈಗ ಮೇಲಿನ ಮೂರು ಅಂಶ ಇದಕ್ಕೆ ಹಚ್ಚಿ ನೋಡಿ. ರೈವಿಂಗ್ ನೈಫ್ ಇಲ್ಲ, ಗಾರ್ಡ್ ತೆಗೆದಿರ್ತಾರೆ. ಫೆನ್ಸ್ ಅಂದ್ರೆ ಕ್ಲ್ಯಾಂಪ್ ಹಾಕಿದ ಒಂದು ಪಟ್ಟಿ. ಸ್ವಿಚ್ಚನ್ನ ಆನಲ್ಲೇ ಲಾಕ್ ಮಾಡಿ ಗೋಡೆಯಿಂದ ಕಂಟ್ರೋಲ್ ಮಾಡ್ತಾರೆ, ಅಂದ್ರೆ ಕರೆಂಟ್ ಬಂದ ಕೂಡಲೇ ಓಡುತ್ತೆ. "ಚಿಕ್ಕ ಬ್ಲೇಡು, ಏನಾಗುತ್ತೆ" ಅನ್ನೋ ಮಾತೂ ಸುಳ್ಳು. ಈ ಕಟರ್‌ಗಳು ನಿಮಿಷಕ್ಕೆ 12,000 ಸುತ್ತಿನ ಆಸುಪಾಸು ತಿರುಗ್ತಾವೆ. 110 ಮಿ.ಮೀ. ಬ್ಲೇಡಿಗೆ ಲೆಕ್ಕ ಹಾಕಿದ್ರೆ ಅಂಚಿನ ವೇಗ ಗಂಟೆಗೆ ಸುಮಾರು 250 ಕಿ.ಮೀ. ಹತ್ತು ಇಂಚಿನ ಟೇಬಲ್ ಸಾಗಿಂತ ಜಾಸ್ತಿ.

ಸೈಟಲ್ಲಿ ಕೆಲಸ ಮಾಡೋ ಬಡಗಿಗಳು ಇದನ್ನ ಬಳಸೋದು ಬೇರೆ ದಾರಿ ಇಲ್ಲದೇ, ದಿನದ ಕೂಲಿಗೋಸ್ಕರ. ಹವ್ಯಾಸಕ್ಕೆ ಮಾಡೋ ನಮಗೆ ಆ ಒತ್ತಡ ಇಲ್ಲ. ಸೋಮವಾರ ಬೆಳಿಗ್ಗೆ ಕೀಬೋರ್ಡ್ ಮೇಲೆ ಇಡಬೇಕಾಗಿರೋ ಬೆರಳುಗಳನ್ನ ಭಾನುವಾರ ಇಷ್ಟು ಅಗ್ಗದ ಯಂತ್ರದ ಮುಂದೆ ಇಡೋದರಲ್ಲಿ ಯಾವ ಉಳಿತಾಯವೂ ಇಲ್ಲ.

ಎಷ್ಟು ಇಂಚು, ಎಷ್ಟು ವಾಟ್, ಯಾವ ಪ್ಲಗ್?

ಈಗ ಮೋಟಾರಿಗೆ ಬರೋಣ. 18 ಮಿ.ಮೀ. ಪ್ಲೈವುಡ್ಡಿಗೆ, ಒಂದೂವರೆ ಇಂಚಿನ ತೇಗದ ಹಲಗೆಗೆ 8 ಇಂಚಿನ ಬ್ಲೇಡೇ ಸಾಕು. ಅದು ನೇರ ಕಟ್ಟಲ್ಲಿ ಎರಡು ಇಂಚಿಗೂ ಹೆಚ್ಚು ಆಳ ಕೊಡುತ್ತೆ. 10 ಇಂಚಿನ ಅನುಕೂಲ ಏನಂದ್ರೆ ಬ್ಲೇಡುಗಳ ಆಯ್ಕೆ ಜಾಸ್ತಿ, ಮೇಜು ದೊಡ್ಡದು. ದುಡ್ಡು ಬಿಗಿ ಇದ್ರೆ ಒಳ್ಳೇ ಫೆನ್ಸಿನ 8 ಇಂಚಿಂದು ತಗೊಳ್ಳಿ.

ಕಂಪನಿಗಳ ಪೋರ್ಟಬಲ್ ಟೇಬಲ್ ಸಾಗಳು ಸಾಮಾನ್ಯವಾಗಿ 1,500ರಿಂದ 2,000 ವಾಟ್. 1,800 ವಾಟನ್ನ 230 ವೋಲ್ಟಿಂದ ಭಾಗಿಸಿದ್ರೆ ಸುಮಾರು 8 ಆಂಪ್. ಮೊಬೈಲ್ ಚಾರ್ಜ್ ಮಾಡೋ 6 ಆಂಪ್ ಪಾಯಿಂಟಿಗೆ ಇದನ್ನ ಹಾಕಬೇಡಿ. ವಾಷಿಂಗ್ ಮಷಿನ್ನಿಗೋ ಗೀಸರ್ರಿಗೋ ಕೊಟ್ಟಿರೋ 16 ಆಂಪ್ ಪಾಯಿಂಟೇ ಬೇಕು. ಎಕ್ಸ್‌ಟೆನ್ಷನ್ ಬೇಕಾದ್ರೆ 2.5 ಚದರ ಮಿ.ಮೀ. ತಾಮ್ರದ ಮೂರು ತಂತಿಯ ಕೇಬಲ್ ಹಾಕಿಸಿ. ಮನೆಯ ಇನ್ವರ್ಟರ್ ಲೈನಲ್ಲಿ ಓಡಿಸಬೇಡಿ.

ಟಿಂಬರ್ ಮಾರ್ಕೆಟ್ಟುಗಳಲ್ಲಿ ಕಬ್ಬಿಣದ ಭಾರೀ ಯಂತ್ರಗಳೂ ಸಿಗ್ತಾವೆ: ಮೇಲೆ ರಂದಾ, ಪಕ್ಕದಲ್ಲಿ ಗರಗಸ, ಬೆಲ್ಟಲ್ಲಿ ಓಡೋ ಇಂಡಕ್ಷನ್ ಮೋಟಾರ್. ಶಬ್ದ ಕಡಿಮೆ, ವರ್ಷಾನುಗಟ್ಟಲೆ ಬಾಳುತ್ತೆ. ಆದ್ರೆ ಬಹಳಷ್ಟರಲ್ಲಿ ರೈವಿಂಗ್ ನೈಫೂ ಇರೋದಿಲ್ಲ, ಗಾರ್ಡೂ ಇರೋದಿಲ್ಲ. ಅದೂ ಅಲ್ಲದೇ ಎರಡು ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಾಯಿಸೋ ನಮ್ಮಂಥೋರು ಅದನ್ನ ಏಳನೇ ಮಹಡಿಗೆ ಹೊತ್ತು ಇಳಿಸೋದು ಹೇಗೆ?

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಆನ್‌ಲೈನಲ್ಲಿ ಬೆಲೆ ನೋಡಿ, ಆದ್ರೆ ಕೊಳ್ಳೋ ಮೊದಲು ಒಂದ್ಸಲ ಕೈಯಿಂದ ಮುಟ್ಟಿ ನೋಡಿ. ಮುಂಬೈಯವರಿಗೆ ನಾಗದೇವಿ ಸ್ಟ್ರೀಟ್ ಇದೆ, ಹೈದರಾಬಾದಿನವರಿಗೆ ರಾಣಿಗಂಜ್, ದೆಹಲಿಯವರಿಗೆ ಚಾವಡಿ ಬಜಾರ್. ರಜೆಗೆ ಬೆಂಗಳೂರಿಗೆ ಹೋದ್ರೆ ಎಸ್‌ಜೆಪಿ ರೋಡ್. ಒಂದು ಉಕ್ಕಿನ ಸ್ಕೇಲು, ಒಂದು ಮೂಲೆಮಟ್ಟ ಜೇಬಲ್ಲಿಟ್ಕೊಂಡು ಹೋಗಿ. ಪ್ಲಗ್ ತೆಗೆಸಿ ಹೀಗೆ ನೋಡಿ:

1. ಫೆನ್ಸ್ ಲಾಕ್ ಮಾಡಿ, ಹಿಂದಿನ ತುದಿಯನ್ನ ಹೆಬ್ಬೆರಳಿಂದ ಒತ್ತಿ. ಜರುಗಿದ್ರೆ ಬೇಡ.

2. ಬ್ಲೇಡಿನ ಒಂದು ಹಲ್ಲಿಗೆ ಪೆನ್ನಲ್ಲಿ ಗುರುತು ಹಾಕಿ. ಮೇಜಿನ ಮೇಲಿರೋ ಉದ್ದ ಗಾಡಿಯಿಂದ, ಅಂದ್ರೆ ಮೈಟರ್ ಸ್ಲಾಟಿಂದ, ಆ ಹಲ್ಲಿಗೆ ಎಷ್ಟು ದೂರ ಅಂತ ಅಳೆಯಿರಿ. ಬ್ಲೇಡ್ ತಿರುಗಿಸಿ ಅದೇ ಹಲ್ಲನ್ನ ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಸ್ಕೇಲಲ್ಲಿ ಕಣ್ಣಿಗೆ ಕಾಣೋಷ್ಟು ವ್ಯತ್ಯಾಸ ಇದ್ರೆ, ಅದನ್ನ ಸರಿ ಮಾಡೋ ಸ್ಕ್ರೂ ಎಲ್ಲಿದೆ ಅಂತ ಕೇಳಿ. ಸರಿ ಮಾಡೋಕೆ ಆಗಲ್ಲ ಅಂದ್ರೆ ಬೇಡ.

3. ಬ್ಲೇಡನ್ನ ಹುಷಾರಾಗಿ ಎರಡೂ ಬದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂದ್ರೆ ಬೇರಿಂಗ್ ಸರಿ ಇಲ್ಲ.

4. ಮೇಜಿನ ಮೇಲೆ ಸ್ಕೇಲನ್ನ ಅಂಚಿನ ಮೇಲೆ ನಿಲ್ಲಿಸಿ. ಕೆಳಗೆ ಬೆಳಕು ಜಾಸ್ತಿ ಕಂಡ್ರೆ ಮೇಜು ಸೊಟ್ಟ. ಫೆನ್ಸ್, ಬ್ಲೇಡು ಸರಿ ಮಾಡಬಹುದು. ಎರಕ ಹೊಯ್ದ ಮೇಜನ್ನ ಸರಿ ಮಾಡೋಕಾಗಲ್ಲ.

5. ಬ್ಲೇಡಿನ ನಡುವಿನ ತೂತು ಎಷ್ಟು ಮಿ.ಮೀ., ಕಾರ್ಬನ್ ಬ್ರಷ್ ನಿಮ್ಮ ಊರಲ್ಲಿ ಸಿಗುತ್ತಾ, ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಕೇಳಿ. ಸ್ಪೇರ್ ಸಿಗದ ಹೆಸರಿಲ್ಲದ ಯಂತ್ರ ಮೊದಲ ರಿಪೇರಿಗೇ ಗುಜರಿಗೆ ಹೋಗುತ್ತೆ.

ದುಡ್ಡು ಹೇಗೆ ಹಂಚೋದು?

ಹೆಸರಿರೋ ಕಂಪನಿಯ, ಮೂರೂ ಅಂಶ ಸರಿಯಾಗಿರೋ ಯಂತ್ರ ಮೂವತ್ತರಿಂದ ಅರವತ್ತು ಸಾವಿರದ ನಡುವೆ ಎಲ್ಲೋ ಸಿಗುತ್ತೆ. ಆಫರ್ ಮೇಲೆ ಬೆಲೆ ಬದಲಾಗ್ತಾನೇ ಇರುತ್ತೆ. ನಿಮ್ಮ ಬಜೆಟ್ಟಿನ ಮುಕ್ಕಾಲು ಭಾಗ ಮಾತ್ರ ಯಂತ್ರಕ್ಕೆ ಇಡಿ. ಉಳಿದ ಕಾಲು ಭಾಗಕ್ಕೆ ಕೆಲಸ ಇದೆ.

ಮೊದಲು ಬ್ಲೇಡ್. ಜೊತೆಗೆ ಬರೋ ಬ್ಲೇಡು ಸಾಧಾರಣ ಇರುತ್ತೆ. ನಾರಿನ ಉದ್ದಕ್ಕೆ ಸೀಳೋಕೆ 24 ಹಲ್ಲಿನದು, ಪ್ಲೈವುಡ್ಡಿಗೆ 60 ಹಲ್ಲಿನದು. ಒಂದೇ ತಗೊಳ್ಳೋಕಾಗೋದು ಅಂದ್ರೆ 40 ಹಲ್ಲಿನ ಟಿಸಿಟಿ ಬ್ಲೇಡು. ಹರಿತ ಇಲ್ಲದ ಬ್ಲೇಡಿಗೆ ಜೋರಾಗಿ ತಳ್ತೀವಿ, ಜೋರಾಗಿ ತಳ್ಳಿದ್ರೆ ಕೈ ಜಾರುತ್ತೆ.

ಆಮೇಲೆ ಮೂಗು, ಕಿವಿ, ಕಣ್ಣು. ಮರದ ಪುಡಿಯನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಎನ್95 ಮಾಸ್ಕ್ ಹಾಕ್ಕೊಳ್ಳಿ, ಡಸ್ಟ್ ಪೋರ್ಟಿಗೆ ವ್ಯಾಕ್ಯೂಮ್ ಜೋಡಿಸಿ. ಶಬ್ದ 100 ಡೆಸಿಬಲ್ ಆಸುಪಾಸು ಹೋಗುತ್ತೆ, ಹಾಗಾಗಿ ಇಯರ್ ಮಫ್. ಪಕ್ಕದ ಮನೆಯವರಿಗೆ ಇಯರ್ ಮಫ್ ಇರಲ್ಲ ಅನ್ನೋದೂ ನೆನಪಿರಲಿ. ಮೊದಲೇ ಹೋಗಿ ಹೇಳಿ, ಶನಿವಾರ ಬೆಳಿಗ್ಗೆ ಒಂದು ಗಂಟೆ ಅಂತ ಹೊತ್ತು ಗೊತ್ತು ಮಾಡ್ಕೊಳ್ಳಿ.

ಬಳಸೋವಾಗ ನಾಲ್ಕೇ ಮಾತು. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಂತ್ಕೊಳ್ಳಿ. ಕೈ ಬ್ಲೇಡಿಗೆ ಆರು ಇಂಚಿಗಿಂತ ಹತ್ತಿರ ಹೋಗೋ ಹಾಗಿದ್ರೆ ಪುಷ್ ಸ್ಟಿಕ್ ಬಳಸಿ. ಪ್ಲೈವುಡ್ ತುಂಡಲ್ಲಿ ಅದನ್ನ ನೀವೇ ಮಾಡ್ಕೋಬಹುದು. ಗ್ಲೌಸ್ ಬೇಡ, ಉದ್ದ ತೋಳು ಬೇಡ, ಉಂಗುರ ಬೇಡ, ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್ ದಾರವೂ ಬೇಡ. ಹಲ್ಲಿಗೆ ಸಿಕ್ಕ ಬಟ್ಟೆ ಕೈಯನ್ನೂ ಎಳ್ಕೊಂಡು ಹೋಗುತ್ತೆ. ಊರಿನ ಅಟ್ಟದಿಂದ ತಂದ ಹಳೇ ಹಲಗೇನ ನೇರ ಯಂತ್ರಕ್ಕೆ ಕೊಡಬೇಡಿ. ಮೊಳೆ ಇರುತ್ತೆ, ಸೊಟ್ಟ ಇರುತ್ತೆ. ಮೊಳೆ ಕಿತ್ತು, ಒಂದು ಮುಖ ಮಟ್ಟ ಮಾಡಿ, ಒಂದು ಅಂಚು ನೇರ ಮಾಡಿಸಿದ ಮೇಲೇನೇ ಫೆನ್ಸಿಗೆ ಒರಗಿಸಿ.

ಇಷ್ಟೆಲ್ಲಾ ಲೆಕ್ಕ ಹಾಕಿ "ಈ ವರ್ಷ ಬೇಡ, ಸರ್ಕ್ಯುಲರ್ ಸಾನೇ ಸಾಕು" ಅಂತ ನೀವು ತೀರ್ಮಾನ ಮಾಡಿದ್ರೆ ಅದೂ ಸರಿಯಾದ ಉತ್ತರವೇ. ತಗೊಳ್ಳೋದೇ ಅಂದ್ರೆ ನೈಫ್, ಫೆನ್ಸ್, ಸ್ವಿಚ್, ಈ ಕ್ರಮದಲ್ಲಿ ನೋಡಿ. ನೀವು ನೋಡ್ತಾ ಇರೋ ಮಾಡೆಲ್ ಹೆಸರು, ಮನೇಲಿರೋ ಜಾಗ, ಏನು ಮಾಡ್ಬೇಕು ಅಂತಿದ್ದೀರಿ ಅನ್ನೋದನ್ನ ಬರೆದು ಕಳಿಸಿ. ಒಟ್ಟಿಗೆ ಕೂತು ನೋಡೋಣ. ಮುಂದಿನ ವಾರ ಪ್ಲೈವುಡ್ ತುಂಡಿನಿಂದ ಪುಷ್ ಸ್ಟಿಕ್ ಮಾಡೋದನ್ನ ತೋರಿಸ್ತೀನಿ. ಅದಕ್ಕೆ ಕೈ ಗರಗಸ ಒಂದಿದ್ರೆ ಸಾಕು.